ಮೀನು ತೊಳೆದ ನೀರು

ಒಬ್ಬಳು ಬರುತ್ತಾಳೆ ತೊಕ್ಕೊಟ್ಟು ಮಾರ್ಕೆಟಿಗೆ,
ಮೀನಿಗಲ್ಲ, ಮೀನು ತೊಳೆದ ನೀರಿಗೆ.

ಮೊದಲ ದಿನ ನಕ್ಕ ನಗೆಗೆ ಕತ್ತಿ ಕೈತಪ್ಪಿತ್ತು.
ನಲವತ್ತು ಬಂಗುಡೆಯ ನೆತ್ತರು, ಕಿವಿರು,
ಬೂತಾಯಿಯ ಕರುಳು, ಕರಗಿದ ಐಸು,
ಚರಂಡಿಯೂ ಒಂದು ಸಲ ಯೋಚಿಸಿ ಕುಡಿಯುವ ಈ ಕೊಳೆಯನ್ನು
ಮುಚ್ಚಳದ ಕ್ಯಾನು ತಂದು, ಹಾಲು ಕೊಳ್ಳುವವರ ಹಾಗೆ
ಗೆರೆ ನೋಡಿ ಅಳೆದು,
"ಎರಡು ಲೀಟರ್ ಸಾಕು ವಾರಿಜಕ್ಕ" ಅನ್ನುತ್ತಾಳೆ.
ಹೆಸರು ಮುಬೀನಾ. ಉಳ್ಳಾಲದವಳು.
ಕೊಣಾಜೆ ಗುಡ್ಡದ ಮೇಲೆ ಲ್ಯಾಬಂತೆ.

"ಎಂತ ಮಾಡ್ತಿ ಮಾರಾಯ್ತಿ ಇದರಲ್ಲಿ?"
"ಕರೆಂಟು."

ಮರುದಿನ ಪೇಪರಿನಲ್ಲಿ ಸುತ್ತಿ ತಂದು ತೋರಿಸಿದಳು
ಅಂಗೈಯಗಲದ ಕರಿ ಬಿಲ್ಲೆ,
ತಳ ಹಿಡಿದ ನೀರುದೋಸೆಯ ಹಾಗೆ.
ಗೇರುಬೀಜದ ಸಿಪ್ಪೆ, ಗಾಳಿ ತಾಗದ ಒಲೆಯಲ್ಲಿ ಬೆಂದದ್ದು.
ಅದರ ತುಂಬ ತೂತು, ತೂತಿನೊಳಗೆ ತೂತು,
ಬಿಡಿಸಿ ಹಾಸಿದರೆ ಒಂದು ಗ್ರಾಮಿಗೆ
ಈ ಮಾರ್ಕೆಟಿನಷ್ಟು ಜಾಗ ಉಂಟಂತೆ.
ಅಲ್ಲಿ ಕಣ್ಣಿಗೆ ಕಾಣದ ಜೀವಗಳು ಬಿಡಾರ ಹೂಡಿ
ನನ್ನ ನೀರು ಉಂಡು, ಉಂಡ ಋಣಕ್ಕೆ
ಒಂದಿಷ್ಟು ಕರೆಂಟು ಬಿಟ್ಟುಕೊಡುತ್ತವಂತೆ.

ಎಂಟು ಹೆಂಗಸರು ನಾವಿಲ್ಲಿ ಗೇಣು ಕಲ್ಲಿಗೆ ಜಗಳಾಡುತ್ತೇವೆ.
ಹುಳಕ್ಕೆ ನೋಡಿ, ಬಾಡಿಗೆ ಇಲ್ಲದ ಬಂಗಲೆ!

ನಗಲಿಲ್ಲ ಆಮೇಲೆ. ಆ ಸಿಪ್ಪೆ ನನಗೆ ಗೊತ್ತು.
ನನ್ನ ಅಕ್ಕ ಸೇಸಿ ಹತ್ತೊಂಬತ್ತು ವರ್ಷ
ಫ್ಯಾಕ್ಟರಿಯಲ್ಲಿ ಒಡೆದದ್ದು ಅದನ್ನೇ.
ಅದರ ಎಣ್ಣೆ ಬೆರಳಿನ ಗೆರೆ ತಿಂದು ಮುಗಿಸಿ
ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮೆಷಿನು
ಮೂರು ಸಲ ಒತ್ತಿದರೂ
ಅವಳನ್ನು ಯಾರೂ ಅಲ್ಲ ಅಂದಿತು.
ಬಿಲ್ಲೆಯನ್ನು ಉಗುರಿನಲ್ಲಿ ಗೀರಿ ನೋಡಿದೆ.
ಎಣ್ಣೆ ಇಲ್ಲ. ಬರೀ ಮಸಿ.

ಆಟಿ ತಿಂಗಳಲ್ಲಿ ಹುಡುಗಿಯ ಮುಖ ಬಾಡಿತು.
ಮೀಟರಿನ ಮುಳ್ಳು ಏಳುತ್ತಿಲ್ಲ,
ಬಿಲ್ಲೆ ಬದಲಿಸಿದಳು, ತಂತಿ ಬದಲಿಸಿದಳು,
ಗೈಡು ಬೈದರಂತೆ, ಮತ್ತೆ ಸಿಪ್ಪೆ ಸುಡು ಅಂದರಂತೆ.
ನಾನು ಕೇಳಿದೆ: "ನೊಣ ಕೂತಿತ್ತಾ ನಿನ್ನ ಕ್ಯಾನಿನ ಮೇಲೆ?"
ಇಲ್ಲವಂತೆ.

ಬೋಟು ಕಡಲಿಗಿಳಿಯದ ದಿನಗಳು ಮಗಾ.
ದೂರದಿಂದ ಲಾರಿಯಲ್ಲಿ ಬಂದ ಮೀನು,
ಕೊಳೆಯಬಾರದೆಂದು ಐಸಿಗೆ ಎಂತದೋ ಹಾಕಿರುತ್ತಾರೆ.
ನೊಣವೇ ಒಲ್ಲದ್ದನ್ನು
ನಿನ್ನ ಜೀವಗಳು ಹೇಗೆ ಉಣ್ಣಬೇಕು?
ತಡೆ, ಉಮೇಶಣ್ಣನ ದೋಣಿಯ ಮೀನು ಬರಲಿ.

ಬರೆದುಕೊಂಡಳು. ನೊಣದ ಮಾತನ್ನೂ ಬರೆದುಕೊಂಡಳು.

ಹದಿನೈದು ದಿನ ಕಳೆದು ಸಂಜೆ
ಆರು ಡಬ್ಬ ಸಾಲಾಗಿ ಕಟ್ಟಿ ಇಲ್ಲಿಗೇ ತಂದಳು.
ಸಾಸಿವೆಗಿಂತ ತುಸು ದೊಡ್ಡ ಕೆಂಪು ದೀಪ ಹೊತ್ತಿತು.
ಕಾಣೆ ಹೆಚ್ಚಲು ಆಗದು ಆ ಬೆಳಕಿನಲ್ಲಿ,
ಚಿಲ್ಲರೆ ಎಣಿಸಲೂ ಆಗದು.
ಕತೀಜಾಬಿ ಮಾತ್ರ ಸುಮ್ಮನೆ
ಬೆಂಕಿ ಕಾಯಿಸುವವಳ ಹಾಗೆ ಕೈ ಒಡ್ಡಿ ಕೂತಳು.

ಮೂವತ್ತು ವರ್ಷದಿಂದ ಸಂಜೆಯ ಬಸ್ಸಿನಲ್ಲಿ
ನನ್ನ ಪಕ್ಕದ ಸೀಟು ಖಾಲಿ.
ನಿಂತೇ ಹೋಗುತ್ತಾರೆ ಜನ, ಕಿಟಕಿ ಸರಿಸಿಕೊಂಡು.
ನಿಂಬೆ, ಹುಣಸೆ, ಸೋಪು, ಏನು ತಿಕ್ಕಿದರೂ
ಕೈ ನನಗಿಂತ ಮೊದಲು ಮನೆ ತಲುಪುತ್ತದೆ.

ಅದಕ್ಕೇ ಕೇಳಿದೆ:
"ಕರೆಂಟಿಗೆ ವಾಸನೆ ಉಂಟಾ?"

ಹುಡುಗಿ ಈ ಪ್ರಶ್ನೆಗೆ ಯಾಕೋ ತಡವರಿಸಿ,
ಬಗ್ಗಿ, ದೀಪವನ್ನು ನಿಜವಾಗಿ ಮೂಸಿ ನೋಡಿ,
"ಇಲ್ಲ" ಅಂದಳು.

ಸರಿ.
ನಾಳೆಯಿಂದ ಕ್ಯಾನಿಗೆ ಹತ್ತು ರೂಪಾಯಿ.